ಬೇಸಿನ್ ಪಕ್ಕದ ಟೇಬಲ್

ಮೊದಲೇ ಹೇಳಿಬಿಡುತ್ತೇನೆ, ನನಗೆ ಇಂಥದ್ದರಲ್ಲೆಲ್ಲ ನಂಬಿಕೆ ಇರಲಿಲ್ಲ. ಯಾರಾದರೂ "ಕನಸಿನಲ್ಲಿ ಅಜ್ಜಿ ಬಂದಿದ್ದರು, ಮಾರನೇ ದಿನ ಹಾಗೇ ಆಯಿತು" ಎಂದು ಶುರು ಮಾಡಿದರೆ ನಾನು ಮೊಬೈಲ್ ತೆಗೆದು ನೋಡುತ್ತ ಕೂರುವವಳು. ನನ್ನ ಕಸುಬು ವೆಬ್‌ಸೈಟ್ ಮಾಡುವುದು. ತೆರೆಯಬೇಕಾದ ಪುಟ ತೆರೆಯದಿದ್ದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ಹುಡುಕಿದರೆ ಸಿಗುತ್ತದೆ, ಸಿಗಲಿಲ್ಲವೆಂದರೆ ಹುಡುಕಿದ್ದು ಸಾಲದು ಎಂದರ್ಥ. ಇಷ್ಟು ವರ್ಷ ಹೀಗೇ ಬದುಕಿದವಳು ನಾನು. ಈಗ ಹೇಳಹೊರಟಿರುವುದರಲ್ಲಿ ದೆವ್ವವೂ ಇಲ್ಲ, ಭೂತವೂ ಇಲ್ಲ, ಕತ್ತಲೆ ಕೂಡ ಇಲ್ಲ. ಹಾಡುಹಗಲಲ್ಲಿ, ವಡಾಲದ ಒಂದು ಹೋಟೆಲಿನಲ್ಲಿ, ಫ್ಯಾನಿನ ಕೆಳಗೆ ನಡೆದದ್ದು. ಆದರೂ ಅದರ ಕಾರಣ ನನಗೆ ಇವತ್ತಿನವರೆಗೂ ಸಿಕ್ಕಿಲ್ಲ. ನೀವು ಓದಿ ನಕ್ಕರೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ನಗುತ್ತಿದ್ದೆ.

ನಾನು ಗೋರೆಗಾಂವ್‌ನಲ್ಲಿ ಒಂದು ರೂಮು, ಒಂದು ಕಿಚನ್ನಿನ ಮನೆಯಲ್ಲಿ ಒಬ್ಬಳೇ ಇರುತ್ತೇನೆ. ಹುಟ್ಟಿ ಬೆಳೆದದ್ದು ಘಾಟ್ಕೋಪರಿನ ಚಾಳಿನಲ್ಲಿ, ಒಂದೊಂದೇ ಕೋಣೆಯ ವಠಾರದಲ್ಲಿ. ಅಪ್ಪ ಕಾರ್ಕಳದ ಕಡೆಯಿಂದ ಬಂದು ಹೋಟೆಲಿನಲ್ಲಿ ದುಡಿದವರು. ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಓದಿದ ಪುಣ್ಯದಿಂದ ನನಗೆ ಕನ್ನಡ ಓದಲು, ಬರೆಯಲು ಬರುತ್ತದೆ. ಅಪ್ಪ ಬೇಗ ಹೋದರು. ಅಮ್ಮ ಹೋಗಿ ಆಗ ಒಂದು ವರ್ಷವಾಗುತ್ತ ಬಂದಿತ್ತು. ಉಳಿದದ್ದು ನಾನು ಮತ್ತು ಅಕ್ಕ. ಅಕ್ಕ ಘಾಟ್ಕೋಪರಿನಲ್ಲೇ ಗಂಡ ಮಕ್ಕಳ ಜೊತೆ ಇದ್ದಾಳೆ. ಅಮ್ಮನ ಹದಿಮೂರನೇ ದಿನದ ಊಟ ಮುಗಿದು ಪಾತ್ರೆ ತೊಳೆಯುವಾಗ ನಮ್ಮಿಬ್ಬರಿಗೂ ಮಾತಿಗೆ ಮಾತು ಬೆಳೆಯಿತು. ಕೊನೆಗಾಲದಲ್ಲಿ ಅಮ್ಮನನ್ನು ಯಾರು ಹೆಚ್ಚು ನೋಡಿಕೊಂಡರು ಎಂಬ ಜಗಳ. "ನಿಂಗೆ ಆ ಕಂಪ್ಯೂಟರ್ ಇದ್ರೆ ಸಾಕಲ್ಲ, ಹೋಗು, ಅದ್ರ ಜೊತೆನೇ ಇರು," ಎಂದಳು. ನಾನೂ ಏನೋ ಅಂದೆ. ಅಲ್ಲಿಂದ ಮುಂದೆ ಫೋನಿಲ್ಲ, ಮಾತಿಲ್ಲ. ಹಬ್ಬಕ್ಕೂ ಇಲ್ಲ.

ಕೆಲಸದ ನೆಪದಲ್ಲಿ ತಿರುಗಾಟ ಮಾತ್ರ ಬೇಕಾದಷ್ಟು. ಒಮ್ಮೆ ಲೋಣಾವಳದ ರೆಸಾರ್ಟಿನವರದು, ಇನ್ನೊಮ್ಮೆ ನಾಸಿಕದ ದ್ರಾಕ್ಷಿ ತೋಟದವರದು, ಮತ್ತೊಮ್ಮೆ ರತ್ನಾಗಿರಿಯ ಮಾವಿನವರದು. ಹೋದಲ್ಲಿ ಒಂದು ದಿನ ಹೆಚ್ಚು ನಿಂತು ಊರು ನೋಡಿ ಬರುತ್ತೇನೆ. ನನ್ನದೇ ಒಂದು ವೆಬ್‌ಸೈಟೂ ಇದೆ. ಒಂದು ಕಡೆ ಮಾಡಿದ ಕೆಲಸ, ಇನ್ನೊಂದು ಕಡೆ ತಿರುಗಿದ ಊರುಗಳ ಫೋಟೋ. ಆ ಫೋಟೋಗಳಲ್ಲಿ ನಾನು ಎಲ್ಲೂ ಇಲ್ಲ. ತೆಗೆಯುವವರು ಬೇಕಲ್ಲ! ಕಡಲು, ಕೋಟೆ, ಬಸ್ ಸ್ಟ್ಯಾಂಡಿನ ಬೆಂಚು, ಎಲ್ಲ ಖಾಲಿ ಖಾಲಿ. ಒಬ್ಬ ಗಿರಾಕಿ ನೋಡಿ, "ಮ್ಯಾಡಮ್, ಸಬ್ ಲೋಗ್ ಕಹಾಂ ಗಯೇ?", ಜನರೆಲ್ಲ ಎಲ್ಲಿ ಹೋದರು ಎಂದು ತಮಾಷೆ ಮಾಡಿದ್ದ. ಅವನೆದುರು ನಕ್ಕೆ. ಮನೆಗೆ ಬಂದು ಅತ್ತೆ.

ಇಲ್ಲಿ ನನ್ನ ಕೆಲಸದ ಒಂದು ಸಂಗತಿ ಹೇಳಬೇಕು. ವೆಬ್‌ಸೈಟ್ ಮಾಡುವಾಗ ಅದರಲ್ಲಿ ಹಾಕಬೇಕಾದ ಬರಹವನ್ನು ಗಿರಾಕಿಗಳು ಎಂದೂ ಸಮಯಕ್ಕೆ ಕೊಡುವುದಿಲ್ಲ. "ಕಳಿಸ್ತೇನೆ, ನಾಳೆ ಕಳಿಸ್ತೇನೆ" ಎನ್ನುತ್ತಲೇ ಇರುತ್ತಾರೆ. ಅಲ್ಲಿಯವರೆಗೆ ಜಾಗ ಖಾಲಿ ಬಿಡುವಂತಿಲ್ಲ, ಪುಟ ಹೇಗೆ ಕಾಣುತ್ತದೆಂದು ತಿಳಿಯಬೇಕಲ್ಲ. ಅದಕ್ಕೆ ಏನೋ ಒಂದು ಡಮ್ಮಿ ಬರಹ ತುಂಬುತ್ತೇವೆ. ಎಲ್ಲರೂ ಬಳಸುವುದು ಅರ್ಥವಿಲ್ಲದ ಲ್ಯಾಟಿನ್ ಸಾಲುಗಳನ್ನು. ನಾನೂ ಮೊದಲು ಅದನ್ನೇ ಹಾಕುತ್ತಿದ್ದೆ. ಗಿರಾಕಿಗಳು ಗಾಬರಿಯಾಗಿ "ಯೇ ಕೌನ್ಸಾ ಭಾಷಾ ಹೈ?" ಎಂದು ಫೋನ್ ಮಾಡತೊಡಗಿದ ಮೇಲೆ ಬಿಟ್ಟೆ. ಕನ್ನಡದ ಸೈಟಾದರೆ ನಾನೇ ಬಾಯಿಗೆ ಬಂದದ್ದು ಬರೆಯುತ್ತೇನೆ. ಇವತ್ತು ತೊಂಡೆಕಾಯಿ ಚೆನ್ನಾಗಿತ್ತು, ಅಂಧೇರಿಯಲ್ಲಿ ಟ್ರೇನು ನಿಂತೇ ಹೋಯಿತು, ಹೀಗೆ. ನಿಜ ಹೇಳಬೇಕೆಂದರೆ, ಅಮ್ಮ ಹೋದ ಮೇಲೆ ನಾನು ಕನ್ನಡ ಆಡುತ್ತಿದ್ದದ್ದು ಅಲ್ಲಿ ಮಾತ್ರ. ಬೇರೆ ಯಾರ ಹತ್ತಿರ ಆಡಲಿ? ಬಿಲ್ಡಿಂಗಿನಲ್ಲಿ ಹಿಂದಿ, ಮನೆಕೆಲಸದ ಬಾಯಿಯ ಹತ್ತಿರ ಮರಾಠಿ, ಫೋನಿನಲ್ಲಿ ಇಂಗ್ಲಿಷು. ಗಿರಾಕಿಗೆ ತೋರಿಸುವ ಮೊದಲು ಅದನ್ನೆಲ್ಲ ಅಳಿಸುವುದು ವಾಡಿಕೆ.

ಗಿರಿಜಕ್ಕ ನನ್ನ ಗಿರಾಕಿಯಾದದ್ದು ಅಪ್ಪನ ಕಾಲದ ಪರಿಚಯದವರೊಬ್ಬರ ಮೂಲಕ. ಉಡುಪಿಯ ಕಡೆಯವರು. ವಡಾಲ ಸ್ಟೇಷನ್ನಿನಿಂದ ನಡೆದುಹೋಗುವಷ್ಟು ದೂರದಲ್ಲಿ ಅವರದೊಂದು ಸಣ್ಣ ಹೋಟೆಲು. ಗಂಡ ತೀರಿಹೋದ ಮೇಲೆ ಗಲ್ಲಾದ ಮೇಲೆ ಅವರೇ ಕೂರುತ್ತಿದ್ದರು. ಮಕ್ಕಳಿಲ್ಲ. ಮೆಲುದನಿಯ ಹೆಂಗಸು, ಎಷ್ಟು ಮೆಲು ಎಂದರೆ ಚಿಲ್ಲರೆ ಕೇಳಿದರೂ ಗಿರಾಕಿಗಳು ಕಿವಿ ಹತ್ತಿರ ತರಬೇಕು. ಆ ಹಳೆ ಬಿಲ್ಡಿಂಗ್ ಒಡೆದು ಹೊಸದು ಕಟ್ಟುವವರಿದ್ದರು. ಹೋಟೆಲು ಘಾಟ್ಕೋಪರಿಗೆ ಹೋಗುವುದಿತ್ತು. ಹಳೆ ಗಿರಾಕಿಗಳಿಗೆ ಹೊಸ ಜಾಗ ತಿಳಿಯಲಿ ಎಂದು ವೆಬ್‌ಸೈಟು. ಘಾಟ್ಕೋಪರ್ ಎಂದೊಡನೆ ಎಲ್ಲಿ ಎಂದು ಕೇಳಿದೆ, ಆ ಹೊಸ ಜಾಗ ಅಕ್ಕನ ಮನೆಯಿಂದ ಎರಡೇ ಗಲ್ಲಿ ಆಚೆ. ಕೆಲಸ ಬೇಡ ಎನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಗಿರಿಜಕ್ಕ, "ಊಟ ಮಾಡಿ ಹೋಗು ಮಾರಾಯ್ತಿ, ಮುಖ ಕಂಡ್ರೆ ಉಂಡವಳ ಹಾಗೆ ಕಾಣುದಿಲ್ಲ," ಎಂದರು. ಅಷ್ಟಕ್ಕೇ ಒಪ್ಪಿಕೊಂಡೆ ನೋಡಿ.

ಒಂದು ಸಂಜೆ ಮನೆಯಲ್ಲಿ ಕೂತು ಆ ಸೈಟಿನ 'ನಮ್ಮ ಬಗ್ಗೆ' ಎಂಬ ಪುಟ ಮಾಡುತ್ತಿದ್ದೆ. ಗಿರಿಜಕ್ಕ ಬರಹ ಕೊಟ್ಟಿರಲಿಲ್ಲ. ನಾನು ಎಂದಿನ ಹಾಗೆ ಏನೋ ಬರೆದು ತುಂಬಿಸಿದೆ. ಬರೆದದ್ದು ಹೀಗೆ: "ಬೇಸಿನ್ ಪಕ್ಕದ ಟೇಬಲ್ ಸುಧಾಕರನದು. ಅವನು ಬಂದರೆ ಏನು ಬೇಕು ಎಂದು ಕೇಳಬೇಡಿ, ಎಲೆ ಹಾಕಿ. ಅವನ ಊಟ ಅರ್ಧಕ್ಕೆ ನಿಂತಿದೆ." ಯಾವ ಸುಧಾಕರ? ಯಾರೂ ಇಲ್ಲ. ನಮ್ಮ ಕಡೆ ವಯಸ್ಸಾದ ಗಂಡಸರ ನಡುವೆ ಸುಧಾಕರ, ಪ್ರಭಾಕರ, ಕರುಣಾಕರ ಎಂದು ಕರೆದರೆ ಯಾರಾದರೊಬ್ಬರು ಓ ಎಂದೇ ಎನ್ನುತ್ತಾರೆ. ಅದರಲ್ಲಿ ಒಂದು ಹೆಸರು ಬಂತು, ಬರೆದೆ.

ಮತ್ತು ಅಳಿಸಲು ಮರೆತೆ. ನಮ್ಮ ಕಸುಬಿನವರು ಮಾಡುವ ತಪ್ಪೇ ಇದು. ಬೇರೆ ಎಲ್ಲ ಪುಟದಲ್ಲೂ ತೆಗೆದಿದ್ದೆ, ಆ ಒಂದರಲ್ಲಿ ಉಳಿದುಬಿಟ್ಟಿತ್ತು.

ಮಧ್ಯಾಹ್ನದ ಊಟದ ಗದ್ದಲ ಮುಗಿದು ಹೋಟೆಲು ಬಿಡುವಾಗಿದ್ದ ಹೊತ್ತಿನಲ್ಲಿ ಲ್ಯಾಪ್‌ಟಾಪ್ ಒಯ್ದು ಗಲ್ಲಾದ ಮೇಲಿಟ್ಟು ತೋರಿಸಿದೆ. ಗಿರಿಜಕ್ಕ ಕನ್ನಡಕ ಹಾಕಿಕೊಂಡು ಒಂದೊಂದೇ ಪುಟ ನೋಡುತ್ತ, "ಲಾಯ್ಕಾಗಿದೆ, ಇಡ್ಲಿ ನಮ್ಮದಕ್ಕಿಂತ ಬೆಳ್ಳಗೆ ಕಾಣ್ತದೆ," ಎಂದು ನಗುತ್ತಿದ್ದರು. ಆ ಪುಟಕ್ಕೆ ಬಂದಾಗ ನನಗೆ ತಪ್ಪು ಗೊತ್ತಾಯಿತು. ಅಯ್ಯೋ ಎಂದು ಕೈ ಹಾಕಿ ಮುಚ್ಚಲು ಹೋದೆ. ಗಿರಿಜಕ್ಕ ನನ್ನ ಮಣಿಕಟ್ಟು ಹಿಡಿದುಕೊಂಡರು. ಓದಿದರು. ಮತ್ತೆ ಓದಿದರು.

"ಸುಧಾಕರನ ವಿಷಯ ಯಾರು ಹೇಳಿದ್ದು ನಿಂಗೆ?" ಎಂದು ಕೇಳಿದರು.

ಯಾರೂ ಹೇಳಿಲ್ಲ, ಸುಮ್ಮನೆ ಬರೆದದ್ದು ಎಂದೆ. ಅವರು ನಂಬಲಿಲ್ಲ. ಆಮೇಲೆ ಅವರೇ ಹೇಳಿದರು. ಸುಧಾಕರ ಅವರ ತಮ್ಮ. ಇದೇ ಹೋಟೆಲಿನ ಅಡುಗೆ ಅವನ ಕೈಯಲ್ಲಿತ್ತು. ಬಹಳ ವರ್ಷಗಳ ಹಿಂದೆ ಒಂದು ದಿನ ಹುಳಿ ತಳ ಹಿಡಿಯಿತು. ಮಧ್ಯಾಹ್ನ ಎಲ್ಲ ಮುಗಿಸಿ ಅವನು ಬೇಸಿನ್ ಪಕ್ಕದ ಟೇಬಲಿನಲ್ಲಿ ಊಟಕ್ಕೆ ಕೂತಿದ್ದಾಗ ಗಿರಿಜಕ್ಕನ ಗಂಡ ಬಂದು ನಾಲ್ಕು ಜನರ ಎದುರು ಅವನಿಗೆ ಬೈದರು. ಅವನು ಅರ್ಧ ಊಟದಿಂದ ಎದ್ದು, ಅಲ್ಲೇ ಕೈ ತೊಳೆದು, ಉಟ್ಟ ಬಟ್ಟೆಯಲ್ಲಿ ಹೋದವನು ತಿರುಗಿ ಬರಲಿಲ್ಲ. ಊರಿಗೂ ಹೋಗಿಲ್ಲ. ಗೋವಾದಲ್ಲಿದ್ದಾನೆ ಎಂದರು ಕೆಲವರು, ಪುಣೆಯ ಕಡೆ ಎಂದರು ಕೆಲವರು.

"ನಾನು ಇಲ್ಲೇ ಗಲ್ಲಾದ ಹತ್ತಿರ ನಿಂತಿದ್ದೆ. ಉಣ್ಣುವವನನ್ನು ಎಬ್ಬಿಸ್ಬಾರ್ದು ಅಂತ ಒಂದು ಮಾತು ಹೇಳ್ಲಿಲ್ಲ ನಾನು. ಬಾಯೇ ಬರ್ಲಿಲ್ಲ," ಎಂದರು.

ಅಂದಿನಿಂದ ಮಧ್ಯಾಹ್ನದ ಕೊನೆಯ ಹೊತ್ತಿಗೆ ಆ ಟೇಬಲಿನಲ್ಲಿ ಅವರು ಯಾರನ್ನೂ ಕೂರಿಸುತ್ತಿರಲಿಲ್ಲವಂತೆ. ಯಾಕೆಂದು ಯಾರಿಗೂ ಹೇಳಿಲ್ಲ. ಬೇಸಿನ್ನಿನ ನೀರು ಸಿಡಿಯುತ್ತದೆ ಎಂದು ಕೆಲಸದವರು ತಿಳಿದಿದ್ದರು. ಆಗಿನವರು ಈಗ ಒಬ್ಬರೂ ಇಲ್ಲ. ಈಗ ಬಡಿಸುವವನು ಕಲಬುರ್ಗಿಯ ಬಸವರಾಜ, ಅಡುಗೆಯವರು ಉತ್ತರ ಪ್ರದೇಶದವರು.

ನನಗೆ ಮೈ ಜುಮ್ಮೆಂದಿತು, ಸುಳ್ಳೇಕೆ ಹೇಳಲಿ. ಆದರೆ ತಲೆ ಕೂಡಲೇ ಲೆಕ್ಕ ಹಾಕಿತು. ಆ ಟೇಬಲ್ ಖಾಲಿ ಇರುವುದನ್ನು ನಾನೇ ನೋಡಿರಬೇಕು. ಹೆಸರು ಕಾಕತಾಳೀಯ. ಅರ್ಧ ಊಟ ಎಂಬುದು ಹೋಟೆಲಿನ ವಿಷಯ ಬರೆಯುವಾಗ ಯಾರಿಗಾದರೂ ಹೊಳೆಯಬಹುದಾದ ಮಾತು. ಹಾಗೆಂದು ಸಮಾಧಾನ ಮಾಡಿಕೊಂಡು, "ಅಳಿಸ್ತೇನೆ ಅಕ್ಕ, ತಪ್ಪಾಯ್ತು," ಎಂದೆ.

"ಅಳಿಸ್ಬೇಡ. ಹಾಗೇ ಇರ್ಲಿ. ಈ ಬಿಲ್ಡಿಂಗ್ ಒಡೆದ ಮೇಲೆ ಅವ ಬಂದ್ರೆ? ಎಲ್ಲಿಗೆ ಅಂತ ಬರುದು ಅವ?"

ಆ ದಿನದಿಂದ ನನಗೆ ಆ ಸೈಟು ಬರೀ ಕೆಲಸವಾಗಿ ಉಳಿಯಲಿಲ್ಲ. ಗಿರಿಜಕ್ಕ ದಿನವೂ ಫೋನ್ ಮಾಡಿ, "ಅದು ಹಾಗೇ ಉಂಟಲ್ಲ?" ಎಂದು ಕೇಳುತ್ತಿದ್ದರು. ಉಂಟು ಎನ್ನುತ್ತಿದ್ದೆ. ಆದರೆ ಎಲ್ಲಿ ಉಂಟು ಎನ್ನುವುದನ್ನು ದಯವಿಟ್ಟು ಗಮನಿಸಿ. ಹೊಸ ಜಾಗದ ಲೈಸೆನ್ಸ್ ಕೈಗೆ ಬರುವವರೆಗೆ ದುಡ್ಡು ಕೊಟ್ಟು ಸೈಟಿಗೆ ವಿಳಾಸದ ಹೆಸರು ತೆಗೆದುಕೊಳ್ಳುವುದು ಬೇಡ ಎಂದು ಅವರೇ ಹೇಳಿದ್ದರು. ಹಾಗಾಗಿ ಅದು ಇಂಟರ್‌ನೆಟ್ಟಿಗೆ ಹೋಗಿರಲೇ ಇಲ್ಲ. ನನ್ನ ಲ್ಯಾಪ್‌ಟಾಪಿನೊಳಗೆ ಮಾತ್ರ ಇತ್ತು. ನಿಮ್ಮ ಕಪಾಟಿನೊಳಗಿನ ಸೀರೆಯನ್ನು ಬೀದಿಯಲ್ಲಿ ಹೋಗುವವರು ಹೇಗೆ ನೋಡಲಾರರೋ ಹಾಗೆ, ಅದನ್ನು ಬೇರೆ ಯಾರೂ ನೋಡುವಂತಿರಲಿಲ್ಲ.

ವಡಾಲದ ಹೋಟೆಲಿನ ಕೊನೆಯ ದಿನ ನಾನೂ ಹೋದೆ. ಕರೆದಿದ್ದರು, ಕರೆಯದಿದ್ದರೂ ಹೋಗುತ್ತಿದ್ದೆನೇನೋ, ನನಗೆ ಹೋಗಲು ಬೇರೆ ಯಾವ ಮನೆ ಇತ್ತು? ಗೋರೆಗಾಂವ್‌ನಿಂದ ಹಾರ್ಬರ್ ಲೈನಿನ ಲೋಕಲ್ ಹಿಡಿದು ಮಧ್ಯಾಹ್ನದ ಹೊತ್ತಿಗೆ ಮುಟ್ಟಿದೆ. ಬಹುಪಾಲು ಸಾಮಾನು ಟೆಂಪೋದಲ್ಲಿ ಘಾಟ್ಕೋಪರಿಗೆ ಹೋಗಿಯಾಗಿತ್ತು. ದೇವರ ಪಟ ಇದ್ದ ಗೋಡೆಯಲ್ಲಿ ಬಿಳಿ ಚೌಕ ಉಳಿದಿತ್ತು. ಹಳೆ ಗಿರಾಕಿಗಳು ಕೆಲವರು ಉಂಡು, ಗಿರಿಜಕ್ಕನಿಗೆ ಕೈ ಮುಗಿದು ಹೋದರು. ಬೇಸಿನ್ ಪಕ್ಕದ ಟೇಬಲನ್ನು ಮಾತ್ರ ಕೊನೆಗೆ ಒಯ್ದರಾಯಿತು ಎಂದು ಬಿಟ್ಟಿದ್ದರು. ಗಿರಿಜಕ್ಕನಿಗೆ ಆ ದಿನ ಗಲ್ಲಾ ಬಿಟ್ಟು ಏಳುವ ಮನಸ್ಸೇ ಇರಲಿಲ್ಲ. ಬಾಗಿಲನ್ನೇ ನೋಡುತ್ತಿದ್ದರು. ಅವರನ್ನು ನೋಡಲಾರದೆ ನಾನು ಮೊಬೈಲ್ ನೋಡುತ್ತಿದ್ದೆ. ಒಂದು ಡಮ್ಮಿ ಬರಹದಿಂದ ಈ ಹೆಂಗಸಿಗೆ ಇಲ್ಲದ ಆಸೆ ಹುಟ್ಟಿಸಿದೆನಲ್ಲ ಎಂದು ನನ್ನ ಮೇಲೇ ಸಿಟ್ಟು ಬರುತ್ತಿತ್ತು.

ಬಸವರಾಜ ಶಟರ್ ಅರ್ಧ ಎಳೆದಿದ್ದ. ಆಗ ಒಬ್ಬರು ಬಗ್ಗಿ ಒಳಗೆ ಬಂದರು. ಸಪೂರ ಆಳು, ತಲೆಯೆಲ್ಲ ಬಿಳಿ, ಹೆಗಲಲ್ಲಿ ಒಂದು ಬಟ್ಟೆಯ ಚೀಲ. ಯಾರ ಮುಖವನ್ನೂ ನೋಡದೆ ಸೀದಾ ಬೇಸಿನ್ನಿಗೆ ಹೋಗಿ ಕೈ ತೊಳೆದು, ಆ ಟೇಬಲಿನಲ್ಲಿ ಕೂತರು. ಬಸವರಾಜ ನಮ್ಮ ಕಡೆ ತಿರುಗಿ, "ಬಂದ್ ಆಗೇತಿ ಅಂತ ಹೇಳ್ಲೇನ್ರಿ ಅಕ್ಕಾರ? ಏನ್ ಬೇಕಂತ ಕೇಳ್ಲೇನ್ರಿ?" ಎಂದ.

"ಏನೂ ಕೇಳ್ಬೇಡ. ಎಲೆ ಹಾಕು," ಎಂದರು ಗಿರಿಜಕ್ಕ. ಅಷ್ಟು ಗಟ್ಟಿಯಾಗಿ ಅವರು ಮಾತಾಡಿದ್ದನ್ನು ನಾನು ಅವತ್ತೇ ಕೇಳಿದ್ದು.

ಅವರೇ ಒಳಗೆ ಹೋಗಿ ಅನ್ನದ ಪಾತ್ರೆ ತಂದರು. ಎಲೆಯ ಎದುರು ನಿಂತು ತುಳುವಿನಲ್ಲಿ ಒಂದು ಮಾತು ಕೇಳಿದರು. ನನಗೆ ತುಳು ಅರ್ಥವಾಗುತ್ತದೆ. ಊಟ ಎಲ್ಲಿಗೆ ನಿಂತಿತ್ತು ಎಂದು ಕೇಳಿದರು. ಸಾರಿಗೆ ಎಂದರು ಆತ. ಗಿರಿಜಕ್ಕ ಅನ್ನ ಹಾಕಿ, ಸಾರು ಬಡಿಸಿ, ಅಲ್ಲೇ ನಿಂತರು. ಆತ ತಲೆ ಎತ್ತದೆ ಉಂಡರು. ಹುಳಿ ಬಂತು, ಮಜ್ಜಿಗೆ ಬಂತು. ಇಬ್ಬರ ಕಣ್ಣಲ್ಲೂ ನೀರು ಸುರಿಯುತ್ತಿತ್ತು. ನಾನು ಗೋಡೆಯ ಕಡೆ ತಿರುಗಿ ನಿಂತೆ. ನನಗೂ ತಡೆಯಲಾಗಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಸಂತೋಷಪಟ್ಟು ಸುಮ್ಮನಾಗುತ್ತಿದ್ದೆ.

ಊಟವಾದ ಮೇಲೆ ಗಿರಿಜಕ್ಕ ನನ್ನನ್ನು ತೋರಿಸಿ, "ಇವಳೇ ಬರೆದದ್ದು," ಎಂದರು. ಸುಧಾಕರಣ್ಣ ನನಗೆ ಕೈ ಮುಗಿದರು. ಅವರು ಪನ್ವೆಲಿನ ಆಚೆ, ಹೈವೇಯ ಒಂದು ಕ್ಯಾಂಟೀನಿನಲ್ಲಿ ಅಡುಗೆಗಿದ್ದಾರಂತೆ. ವಿಜಾಪುರದ ಕಡೆಯ ಲಾರಿ ಡ್ರೈವರ್ ಒಬ್ಬ ಊಟಕ್ಕೆ ಬಂದವನು, ಇವರ ಹೆಸರು ಕೇಳಿ, ಮೊಬೈಲ್ ತೆಗೆದು, "ನಿಮ್ಮ ಬಗ್ಗೇನ ಬರದಾರ ನೋಡ್ರಿ" ಎಂದು ಓದಿ ಹೇಳಿದನಂತೆ. ಡ್ರೈವರನ ಹೆಸರು ಇವರು ಕೇಳಿಟ್ಟುಕೊಂಡಿರಲಿಲ್ಲ. ಇವರ ಹತ್ತಿರ ಇದ್ದದ್ದು ಬಟನ್ನಿನ ಸಣ್ಣ ಫೋನು.

ಸೈಟು ಎಲ್ಲೂ ಹಾಕಿಲ್ಲವಲ್ಲ ಎಂದು ನಾನು ಬಾಯಿ ಬಿಡುವಷ್ಟರಲ್ಲಿ ಅವರೇ ನಕ್ಕು ಮುಂದುವರಿಸಿದರು. "ಒಂದು ಮಾತು ಮಾತ್ರ ನಂಗೆ ತಲೆಗೆ ಹೋಗ್ಲಿಲ್ಲ ಮಾರಾಯ್ರೆ. 'ಅಕ್ಕ ಬೈಯುತ್ತಲೇ ಬಡಿಸುತ್ತಾಳೆ, ಬೈಗುಳ ಮುಗಿಯುವವರೆಗೆ ಏಳಬೇಡ' ಅಂತ ಓದಿದ ಅವ. ನಮ್ಮಕ್ಕ ಹುಟ್ಟಿದಾಗಿಂದ ಒಬ್ರಿಗೂ ಬೈದವಳಲ್ಲ. ಇದು ಬೇರೆ ಯಾರದ್ದೋ ಅಕ್ಕ ಇರ್ಬೇಕು ಅಂದ್ಕೊಂಡೆ. ಆದ್ರೆ ಹೆಸ್ರು ನನ್ನದು, ಟೇಬಲ್ ನನ್ನದು. ಬಂದುಬಿಟ್ಟೆ."

ಗಿರಿಜಕ್ಕನಿಗೆ ಅರ್ಥವಾಗಲಿಲ್ಲ. ಅವರು ನೋಡಿದ ಪುಟದಲ್ಲಿ ಆ ಮಾತು ಇರಲೇ ಇಲ್ಲ. ನಾನು ಅಲ್ಲೇ ಕೂತುಬಿಟ್ಟೆ.

ಆ ಮಾತು ನನ್ನದೇ. ಆ ಸಂಜೆ ಸುಧಾಕರನ ಸಾಲುಗಳ ಕೆಳಗೆ ಅದನ್ನು ಬರೆದಿದ್ದೆ. ಬರೆಯುವಾಗ ನನ್ನ ಕಣ್ಣೆದುರು ಇದ್ದದ್ದು ನನ್ನ ಅಕ್ಕ. ನಾವು ಸಣ್ಣವರಿದ್ದಾಗ ಅಮ್ಮ ಹೊರಗೆ ಕೆಲಸಕ್ಕೆ ಹೋಗುತ್ತಿದ್ದರು, ನನಗೆ ಊಟ ಹಾಕುವವಳು ಅಕ್ಕ. ಒಂದೊಂದು ಸೌಟಿಗೂ ಒಂದೊಂದು ಬೈಗುಳ. ಅವಳ ಬೈಗುಳ ಮುಗಿಯುವಷ್ಟರಲ್ಲಿ ನನ್ನ ಹೊಟ್ಟೆ ತುಂಬಿರುತ್ತಿತ್ತು. ಗಿರಾಕಿಯ ಕೆಲಸದಲ್ಲಿ ಇದೆಂಥ ಗೋಳು ಎಂದು ಆ ಒಂದು ಸಾಲನ್ನು ಆಗಲೇ ಅಳಿಸಿದ್ದೆ. ಬರೆದದ್ದೂ ಅಳಿಸಿದ್ದೂ ಒಂದೇ ಗಳಿಗೆಯಲ್ಲಿ, ನನ್ನ ರೂಮಿನಲ್ಲಿ, ನಾನೊಬ್ಬಳೇ ಇದ್ದಾಗ.

ಆಮೇಲೆ ನಾನು ಹುಡುಕದ ಜಾಗವಿಲ್ಲ. ಲ್ಯಾಪ್‌ಟಾಪಿನಿಂದ ಏನಾದರೂ ಸೋರಿ ಹೋಗಿತ್ತೇ ಎಂದು ಮೂಲೆ ಮೂಲೆ ತಡಕಿದೆ. ಈ ಕೆಲಸದಲ್ಲಿ ನನಗಿಂತ ಪಳಗಿದ ಗೆಳೆಯನೊಬ್ಬನಿಗೂ ತೋರಿಸಿದೆ. ಏನೂ ಸಿಗಲಿಲ್ಲ. ಗಿರಿಜಕ್ಕ ಯಾರಿಗಾದರೂ ಹೇಳಿ, ಅದು ಬಾಯಿಂದ ಬಾಯಿಗೆ ಪನ್ವೆಲಿಗೆ ಮುಟ್ಟಿರಬಹುದು, ಸರಿ. ಮೊದಲ ಮೂರು ಸಾಲಿಗೆ ಆ ಕಾರಣ ಸಾಕು. ಅಳಿಸಿದ ಸಾಲಿಗೆ? ಅದನ್ನು ಗಿರಿಜಕ್ಕನೂ ಕಂಡಿರಲಿಲ್ಲ. ಸುಧಾಕರಣ್ಣನ ಕ್ಯಾಂಟೀನಿಗೂ ಹೋಗಿ ಬಂದೆ. ಆ ಡ್ರೈವರ್ ಮತ್ತೆ ಬಂದಿಲ್ಲವಂತೆ. ಗಿರಿಜಕ್ಕನ ಹತ್ತಿರ ತಲೆ ಚಚ್ಚಿಕೊಂಡು ಇದನ್ನೆಲ್ಲ ಹೇಳಿದರೆ ಅವರು, "ಬಂದನಲ್ಲ, ಸಾಕು. ನೀನು ಯಾಕೆ ತಲೆ ಕೆಡಿಸ್ಕೊಳ್ತೀ?" ಎನ್ನುತ್ತಾರೆ. ಅವರಿಗೆ ಸಾಕು. ನನಗೆ ಹೇಗೆ ಸಾಕಾಗಬೇಕು?

ಗಿರಿಜಕ್ಕನ ಹೋಟೆಲು ಈಗ ಘಾಟ್ಕೋಪರಿನಲ್ಲಿ ಚೆನ್ನಾಗಿ ನಡೆಯುತ್ತಿದೆ. ಅಡುಗೆ ಸುಧಾಕರಣ್ಣನದು. ಸೈಟೂ ತೆರೆದು ಬಹಳ ಕಾಲವಾಯಿತು. ಸುಧಾಕರನ ಸಾಲುಗಳನ್ನು ಗಿರಿಜಕ್ಕನೇ ತೆಗೆಸಿದರು, ಇನ್ನು ಬೇಡ ಎಂದು. ಅವರನ್ನು ಕೇಳಿ, ಆ ಜಾಗದಲ್ಲಿ ನಾನು ಅಳಿಸಿದ್ದ ಸಾಲನ್ನು ಹಾಕಿದ್ದೇನೆ. ಈಗ ಅದನ್ನು ಯಾರು ಬೇಕಾದರೂ ಓದಬಹುದು. ಗಿರಾಕಿಗಳು ಓದಿ ನಗುತ್ತಾರಂತೆ, ಕೆಲವರು ಫೋಟೋ ತೆಗೆದು ಊರಿಗೂ ಕಳಿಸುತ್ತಾರಂತೆ. ನೀನೇ ಅಕ್ಕನ ಮನೆಗೆ ಹೋಗಬಹುದಲ್ಲ ಎಂದು ನೀವು ಕೇಳುತ್ತೀರಿ. ಹೋಗಿದ್ದೇನೆ, ಗಲ್ಲಿಯ ತಿರುವಿನವರೆಗೆ. ಅಲ್ಲಿಂದ ಮುಂದೆ ಕಾಲು ಬರುವುದಿಲ್ಲ. ತಿರುಗಿ ಹೋಟೆಲಿಗೆ ಬಂದು ಬಾಗಿಲಿಗೆ ಮುಖ ಮಾಡಿ ಕೂತು ಕಾಫಿ ಕುಡಿಯುತ್ತೇನೆ. ಯಾರೂ ಓದಲಾಗದ ಕಡೆ ಇದ್ದಾಗ ಪನ್ವೆಲಿನ ಆಚೆಗೆ ಹೋಗಿ ಮುಟ್ಟಿದ ಮಾತು, ಊರೆಲ್ಲ ಓದುತ್ತಿರುವ ಈಗ ಎರಡು ಗಲ್ಲಿ ದಾಟುತ್ತಿಲ್ಲ. ನನ್ನ ಅಕ್ಕ ಇನ್ನೂ ಬೈಯಲು ಬಂದಿಲ್ಲ.